ಕೋರಸ್ಸಿನಲ್ಲಿ ಅಕ್ಕನ ದನಿ

ಅಕ್ಕ ತೀರಿಕೊಂಡು ಎರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಭಾವ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ನನ್ನನ್ನು ಒಂದು ಮಾತು ಕೇಳಿದರು. ಅವರದು ಸಂಸೆಯ ಹತ್ತಿರ ಸಣ್ಣ ಕಾಫಿ ತೋಟ. ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಮೂಡಿಗೆರೆಗೆ ಬಂದು, ಬ್ಯಾಂಕು, ಔಷಧಿ, ಗೊಬ್ಬರ ಎಂದು ಓಡಾಡಿ, ನಮ್ಮ ಮನೆಯಲ್ಲಿ ಉಂಡು ಸಂಜೆಯ ಬಸ್ಸಿಗೆ ವಾಪಸಾಗುವುದು ಅವರ ರೂಢಿ. ಆವತ್ತು ಹಜಾರದಲ್ಲಿ ನನ್ನ ಹಳೆಯ ಸ್ಟೀರಿಯೊ ಹಾಡುತ್ತಿತ್ತು. ಮೊಬೈಲಿನ ಮ್ಯೂಸಿಕ್ ಆ್ಯಪಿನಿಂದ ಅಕ್ಕನ ಹಾಡನ್ನು ಹಾಕಿದ್ದೆ.

"ಇದ್ರಲ್ಲಿ ಅವಳದ್ದು ಯಾವುದು ಮಾರಾಯ?" ಎಂದರು.

ಅಕ್ಕನ ಹಾಡು ಎಂದೆನಲ್ಲ, ಅದು ಪೂರ್ತಿ ಅಕ್ಕನದಲ್ಲ. ಅದೊಂದು ಭಾವಗೀತೆ. ಹಾಡಿದವರು ಬೇರೆ ಯಾರೋ ದೊಡ್ಡವರು. ಹಿಂದೆ ಕೋರಸ್ಸಿನಲ್ಲಿ ಕೆಲವು ಹೆಂಗಸರ ದನಿ. ಮದುವೆಗೆ ಮೊದಲು ಅಕ್ಕ ಸಂಗೀತದ ಮೇಷ್ಟ್ರ ಜತೆ ಬೆಂಗಳೂರಿಗೆ ಹೋಗಿ ಆ ಕೋರಸ್ಸಿನಲ್ಲಿ ಹಾಡಿ ಬಂದಿದ್ದಳು. ಕ್ಯಾಸೆಟ್ಟಿನ ಮೇಲೆ ಅವಳ ಹೆಸರಿರಲಿಲ್ಲ, 'ಮತ್ತು ಸಂಗಡಿಗರು' ಎಂದಷ್ಟೇ ಇತ್ತು. ಅಷ್ಟೇ ಸಾಕಾಗಿತ್ತು ನಮ್ಮ ಮನೆಯವರಿಗೆ. ನೆಂಟರು ಬಂದರೆ ಕಾಫಿಯ ಜತೆಗೆ ಆ ಕ್ಯಾಸೆಟ್ಟನ್ನೂ ಕೇಳಿಸುತ್ತಿದ್ದೆವು. ಭಾವನ ಕಡೆಯವರು ಹೆಣ್ಣು ನೋಡಲು ಬಂದಾಗಲೂ ಅಪ್ಪ ಮೊದಲು ಹೇಳಿದ್ದು ಹುಡುಗಿ ಕ್ಯಾಸೆಟ್ಟಿನಲ್ಲಿ ಹಾಡಿದ್ದಾಳೆ ಎಂದೇ. ಕೊನೆಗೆ ಆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಟೇಪು ಅಂಟಿಕೊಂಡಿತು, ಎಸೆದೆವು. ಎಷ್ಟೋ ವರ್ಷದ ಮೇಲೆ ಅದೇ ಹಾಡು ಆ್ಯಪಿನಲ್ಲಿ ಸಿಕ್ಕಿತು.

"ಆ ದಪ್ಪ ದನಿ ಕೇಳ್ತದಲ್ಲ ಭಾವ, ಅದು," ಎಂದೆ.

ಭಾವ ಕತ್ತು ವಾಲಿಸಿ ಕೇಳಿದರು. ಹಾಡು ಮುಗಿಯಿತು. ಇನ್ನೊಂದು ಸಲ ಹಾಕೆಂದರು, ಹಾಕಿದೆ. ಆಮೇಲೆ ಟವೆಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, ನನ್ನ ಮುಖ ನೋಡದೆ ಹೇಳಿದರು: "ಅಷ್ಟು ವರ್ಷ ಒಟ್ಟಿಗೆ ಇದ್ದೆ ನಾನು. ಎದುರಿಗೇ ಹಾಡ್ತಾ ಇದ್ದಾಳೆ ಅಂತ ನೀನು ಹೇಳ್ತೀಯ. ನಂಗೆ ಗೊತ್ತಾಗೋದೇ ಇಲ್ಲ. ಅವಳ ದನಿ ಮರ್ತು ಹೋಗಿದೆ ಅಂತ ಕಾಣ್ತದೆ."

ಭಾವ ಮಾತು ಕಡಿಮೆಯ ಮನುಷ್ಯ. ಅಕ್ಕ ಹೋದಾಗಲೂ ಬಂದವರಿಗೆ ಕುರ್ಚಿ ಹಾಕಿಕೊಂಡು ಓಡಾಡಿದವರೇ ಹೊರತು ಕಣ್ಣೀರು ಹಾಕಿದವರಲ್ಲ. ಆವತ್ತು ಟವೆಲಿನ ತುದಿಯಿಂದ ಕಣ್ಣು ಒತ್ತಿಕೊಂಡರು. ಅವರ ಮೊಬೈಲಿನಲ್ಲಿ ಅಕ್ಕನ ಫೋಟೊಗಳು ಬೇಕಾದಷ್ಟಿದ್ದವು, ದನಿ ಒಂದೂ ಇರಲಿಲ್ಲ. ಈ ಲೋಕದಲ್ಲಿ ಅವಳ ದನಿ ಉಳಿದಿದ್ದರೆ ಆ ಹಾಡಿನಲ್ಲಿ ಮಾತ್ರ. ಗಂಡನಾದವನಿಗೆ ಅದೂ ಗುರುತು ಹತ್ತುತ್ತಿಲ್ಲ ಎಂದರೆ ಅವರ ಸಂಕಟ ಎಂಥದ್ದಿರಬೇಕು. ನನಗೆ ನೋಡಲಾಗಲಿಲ್ಲ.

"ನೀವೆಂತ ಮರೆಯೋದು ಭಾವ, ಈ ಸ್ಟೀರಿಯೊ ಸರಿಯಿಲ್ಲ. ಎಲ್ಲ ದನಿ ಕಲಸಿಕೊಂಡು ಬರ್ತದೆ. ನಾನು ಸರಿ ಮಾಡಿಸ್ತೇನೆ, ಬಿಡಿ," ಎಂದುಬಿಟ್ಟೆ.

ಸಮಾಧಾನಕ್ಕೆ ಆಡಿದ ಮಾತು. ಅದು ನನ್ನ ತಲೆಯ ಮೇಲೆ ಹೀಗೆ ಬಂದು ಕೂರುತ್ತದೆಂದು ಆಗ ಗೊತ್ತಿರಲಿಲ್ಲ.

ಸ್ಟೀರಿಯೊ ಕೆಟ್ಟದ್ದೇನಲ್ಲ. ಎಸ್ಟೇಟ್ ಮಾರಿ ಹೊರಟ ಒಬ್ಬ ಪ್ಲಾಂಟರ ಬಂಗಲೆಯಿಂದ ಕೊಂಡದ್ದು. ಇಬ್ಬರು ಹೊರಬೇಕಾದ ಆಂಪ್ಲಿಫೈಯರ್, ಮೊಣಕಾಲೆತ್ತರದ ಎರಡು ಸ್ಪೀಕರ್. ಅದಕ್ಕೆ ಮೊಬೈಲಿನ ಹಾಡು ಬರಲೆಂದು ಬ್ಲೂಟೂತಿನ ಒಂದು ಸಣ್ಣ ಬಿಲ್ಲೆಯನ್ನು ಸಿಕ್ಕಿಸಿದ್ದೆ. ನನ್ನದು ಪಂಪ್‌ಸೆಟ್ಟು, ಸ್ಪ್ರಿಂಕ್ಲರ್ ಪೈಪು, ನೀರು ಚಿಮ್ಮಿಸುವ ಜೆಟ್ಟು, ವಾಷರುಗಳ ಅಂಗಡಿ. ಮೂವತ್ತು ವರ್ಷ ಇದೇ ವ್ಯಾಪಾರ ಮಾಡಿದ ಮೇಲೆ ಮನುಷ್ಯನಿಗೆ ಲೋಕದಲ್ಲಿ ಕೆಟ್ಟುಹೋದದ್ದೆಲ್ಲ ಯಾವುದೋ ಜಾಯಿಂಟಿನಲ್ಲಿ ಸೋರಿದ ಹಾಗೇ ಕಾಣುತ್ತದೆ. ಸ್ಟೀರಿಯೊವನ್ನೂ ನಾನು ಹಾಗೇ ಹಿಡಿದುಕೊಂಡೆ.

ಮೊದಲು ಸ್ಪೀಕರುಗಳನ್ನು ಶೋಕೇಸಿನ ಮೇಲಿಂದ ಇಳಿಸಿದೆ. ನೆಲಕ್ಕಿಟ್ಟರೆ ಗುಮ್ಮೆನ್ನುತ್ತದೆ, ಕಿವಿಯ ಎತ್ತರಕ್ಕಿರಬೇಕು ಎಂದು ಯಾವನೋ ವೀಡಿಯೊದಲ್ಲಿ ಹೇಳಿದ. ಗುರುತಿನವರ ತೋಟದಲ್ಲಿ ಕಡಿದ ಸಿಲ್ವರ್ ಓಕಿನ ಎರಡು ದಿಮ್ಮಿ ತರಿಸಿ, ತೊಗಟೆ ಕೆತ್ತಿ, ಅವುಗಳ ಮೇಲೆ ಸ್ಪೀಕರ್ ಕೂರಿಸಿದೆ. ದಿಮ್ಮಿಯೊಳಗಿಂದ ವಾರಗಟ್ಟಲೆ ಹುಳುವಿನ ಪುಡಿ ಉದುರಿತು. ದಿನಾ ಗುಡಿಸಿದವಳು ನನ್ನ ಹೆಂಡತಿ. ಆಮೇಲೆ ಒಂದು ಸ್ಪೀಕರನ್ನು ಬಿಚ್ಚಿದರೆ ಒಳಗೆ ಹಲ್ಲಿಯ ಮೊಟ್ಟೆ, ಕೋನಿನ ಸುತ್ತಲಿನ ಸ್ಪಂಜು ಪುಡಿಪುಡಿ. ಎರಡನ್ನೂ ಚಿಕ್ಕಮಗಳೂರಿಗೆ ಕಟ್ಟಿಕೊಂಡು ಹೋಗಿ ರಿಪೇರಿ ಮಾಡಿಸಿದೆ. ಬ್ಲೂಟೂತಿನಲ್ಲಿ ದನಿ ಸೋರುತ್ತದೆ ಎಂದು ಇನ್ನೊಬ್ಬ ವೀಡಿಯೊದವನು ಹೇಳಿದ. ಬಿಲ್ಲೆ ಕಿತ್ತು ವೈರು ಹಾಕಿದೆ. ಫೋನಿನ ವೈರು ಸಾಲದು, ನಡುವೆ ಒಂದು ಬೇರೆ ಡಬ್ಬಿ ಬೇಕೆಂದ. ಬೆಂಕಿಪೊಟ್ಟಣದಷ್ಟಿನ ಆ ಡಬ್ಬಿಯೂ ಬಂತು. ಈ ಸಲಹೆಗಾರರು ಒಬ್ಬರಾದರೂ ಒಂದು ಸಲವಾದರೂ 'ಇಷ್ಟು ಸಾಕು' ಎಂದದ್ದನ್ನು ನಾನು ಕೇಳಲಿಲ್ಲ. ಒಬ್ಬ ವೈರು ದಪ್ಪ ಇರಲಿ ಎಂದರೆ ಇನ್ನೊಬ್ಬ ಗೋಡೆಗೆ ಕಂಬಳಿ ಕಟ್ಟು ಎಂದ. ಕಟ್ಟಿದೆ. ಮನೆಗೆ ಬಂದವರು ಯಾರಿಗಾದರೂ ಬಾಣಂತನವೇ ಎಂದು ಕೇಳಿದರು.

ಅಷ್ಟರಲ್ಲಿ ಹೂವಿನ ಕಾಲ ಬಂತು. ಮಳೆ ಕೈಕೊಟ್ಟರೆ ಕಾಫಿ ಗಿಡ ಹೂ ಬಿಡಲೆಂದು ಎಲ್ಲ ತೋಟದವರೂ ಒಟ್ಟಿಗೇ ಮೋಟರು ಹಾಕಿ ಸ್ಪ್ರಿಂಕ್ಲರ್ ತಿರುಗಿಸುತ್ತಾರೆ. ಊರಿನ ಕರೆಂಟು ಆಗ ಜೀವ ಹಿಡಿದುಕೊಂಡಿರುತ್ತದಷ್ಟೆ. ಆಂಪ್ಲಿಫೈಯರ್ ಗೊರಗೊರ ಎಂದಿತು. ಫ್ರಿಜ್ಜಿಗಿದ್ದ ಸ್ಟೆಬಿಲೈಸರನ್ನು ಕಿತ್ತು ಇದಕ್ಕೆ ಹಾಕಿದೆ. ಎರಡು ದಿನ ಹಾಲು ಒಡೆದ ಮೇಲೆ ಹೆಂಡತಿ ಅದನ್ನು ವಾಪಸು ಒಯ್ದಳು.

ಇಷ್ಟೆಲ್ಲ ಮಾಡಿದರೂ ಕೋರಸ್ಸು ಹಾಗೇ ಇತ್ತು. ಗುಮ್ಮೆನ್ನುವುದು ಹೋಯಿತು, ಗೊರಗೊರ ಹೋಯಿತು. ಹೆಂಗಸರ ದನಿ ಮಾತ್ರ ನೀರು ಜಾಸ್ತಿಯಾದ ಉಪ್ಪಿಟ್ಟಿನಂತೆ ಒಂದೇ ಮುದ್ದೆ. ಹದಿನೈದು ದಿನಕ್ಕೊಮ್ಮೆ ಭಾವ ಬರುತ್ತಿದ್ದರು. ಊಟವಾದ ಮೇಲೆ ನಾನು ಅವರನ್ನು ಎರಡು ಸ್ಪೀಕರಿನ ನಡುವೆ, ಸರಿಯಾಗಿ ಅಳತೆ ಮಾಡಿಟ್ಟ ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಹಾಡು ಮುಗಿದ ಮೇಲೆ ಅವರು ಕಣ್ಣು ಬಿಟ್ಟು, "ಮೊದಲಿಗಿಂತ ಚೆನ್ನಾಗಿದೆ ಮಾರಾಯ," ಎನ್ನುತ್ತಿದ್ದರು. ನಾನು ಕೇಳಬೇಕಾದದ್ದನ್ನು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಬಸ್ಸಿಗೆ ಹೋಗುವಾಗ ಅವರ ಹೆಗಲು ಒಂದು ಬೆರಳು ತಗ್ಗಿರುತ್ತಿತ್ತು.

"ಅವರನ್ನು ಪ್ರತಿ ಸಲ ಪರೀಕ್ಷೆಗೆ ಕೂರಿಸಿ ಫೇಲು ಮಾಡಿ ಕಳಿಸ್ತೀರಲ್ಲ, ನಿಮ್ಗೆ ಎಂತ ಸಿಗ್ತದೆ?" ಎಂದು ಹೆಂಡತಿ ಒಂದು ದಿನ ಬೈದಳು. "ಅವರು ಕೇಳಿದ್ದು ಒಂದು ಸಲ. ನೀವು ಹಿಡ್ಕೊಂಡದ್ದು ವರ್ಷ."

ನಾನು ರೇಗಿದೆ. ನಿನಗೆ ಸಂಗೀತ ತಿಳಿಯದು ಎಂದೆ. ಅವಳು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು, ರೇಗಿದ್ದು ಅದಕ್ಕೇ. ಆ ಹೊತ್ತಿಗೆ ನನಗೂ ಸಾಕಾಗಿತ್ತು. ಅಂಗಡಿಯಲ್ಲಿ ಹಗಲೆಲ್ಲ ನಿಂತು ಬಂದ ಕಾಲಿಗೆ ಸಂಜೆ ವೈರುಗಳ ನಡುವೆ ಮಂಡಿಯೂರುವ ಶಕ್ತಿ ಇರಲಿಲ್ಲ. ಬಿಟ್ಟುಬಿಡೋಣವೆಂದರೆ ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಭಾವನ ಮುಖ ಬಿಡುತ್ತಿರಲಿಲ್ಲ. ನಾನು ಇಲ್ಲಿಗೆ ನಿಲ್ಲಿಸಿದರೆ ಅವರು ಮರೆತಿದ್ದಾರೆ ಎಂದು ನಾನೂ ಒಪ್ಪಿದ ಹಾಗೆ.

ಒಂದು ಬೆಳಿಗ್ಗೆ ದೇವರಮನೆ ಗುಡ್ಡದ ಕಡೆಯ ಒಬ್ಬ ಗಿರಾಕಿ ಅಂಗಡಿಗೆ ಬಂದು ಜೆಟ್ಟುಗಳ ಮೇಲೆ ದೂರು ಹೇಳತೊಡಗಿದರು. ಕೊನೆಯ ಲೈನಿನಲ್ಲಿ ನೀರು ಹಾರುವುದೇ ಇಲ್ಲ, ಜೆಟ್ಟು ಬದಲಿಸಿದೆ, ವಾಷರು ಬದಲಿಸಿದೆ, ಪೈಪೂ ಬದಲಿಸಿದೆ ಎಂದರು. ನಾನು ಎಲ್ಲರನ್ನೂ ಕೇಳುವುದನ್ನೇ ಅವರನ್ನೂ ಕೇಳಿದೆ.

"ಕೆರೆಯೊಳಗೆ ಫುಟ್‌ವಾಲ್ವ್ ನೋಡಿದ್ರಾ? ನೀರು ಎಳೆಯೋ ಬಾಯಿಗೇ ಸೊಪ್ಪು ಕಟ್ಟಿದ್ರೆ ನೀವು ಮೇಲೆ ಚಿನ್ನದ ಜೆಟ್ ಹಾಕಿದ್ರೂ ಅಷ್ಟೇ."

ಹೇಳಿದವನು ಹಾಗೇ ನಿಂತೆ. ಮೂವತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದ ಮಾತು. ನಾನು ಸ್ಪೀಕರ್ ನೋಡಿದ್ದೆ, ವೈರು ನೋಡಿದ್ದೆ, ಗೋಡೆ, ಕರೆಂಟು, ಮರದ ದಿಮ್ಮಿ ಎಲ್ಲ ನೋಡಿದ್ದೆ. ಹಾಡು ಎಲ್ಲಿಂದ ಹೊರಡುತ್ತದೋ ಆ ಫೋನನ್ನು ಮಾತ್ರ ನೋಡಿರಲಿಲ್ಲ. ಗಿರಾಕಿಯನ್ನು ಕೂರಿಸಿ ಅಲ್ಲೇ ಆ್ಯಪಿನ ಸೆಟ್ಟಿಂಗ್ಸ್ ತೆರೆದೆ. 'ಡೇಟಾ ಸೇವರ್' ಆನ್ ಆಗಿತ್ತು. ಅದರ ಕೆಳಗೆ ಹಾಡಿನ ಗುಣಮಟ್ಟ: 'ಅತಿ ಕಡಿಮೆ'.

ಅದನ್ನು ಹಾಗೆ ಇಟ್ಟವನು ನಾನೇ. ಅಕ್ಕ ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ಪ್ರತಿ ಭಾನುವಾರ ಸಂಸೆಗೆ ಹೋಗುತ್ತಿದ್ದೆ. ಅವರ ಮನೆಯಲ್ಲಿ ಸಿಗ್ನಲ್ ಬರುತ್ತಿದ್ದುದು ಅವಳು ಮಲಗಿದ್ದ ಕೋಣೆಯ ಕಿಟಕಿಯ ಹತ್ತಿರ ಮಾತ್ರ, ಅದೂ ಒಂದೇ ಕಡ್ಡಿ. ಅವಳು ಕೇಳಿದ ಹಾಡು ಆ ಒಂದು ಕಡ್ಡಿಯಲ್ಲಿ ನಿಲ್ಲದೆ ಬರಲಿ ಎಂದು ಎಲ್ಲವನ್ನೂ ತೀರಾ ಕೆಳಕ್ಕೆ ಇಳಿಸಿದ್ದೆ. ನಮ್ಮ ಕಡೆ ಎಲ್ಲರೂ ಹಾಗೇ. ಸಿಗ್ನಲ್ಲಿನ ಆಸೆಗೆ ಕಿಟಕಿಗೂ ಗುಡ್ಡಕ್ಕೂ ಫೋನು ಹಿಡಿದು ನಿಂತವರಿಗೆ ಹಾಡು ಬಂದರೆ ಸಾಕು, ಚೆನ್ನಾಗಿ ಬರಬೇಕೆಂಬ ಯೋಚನೆಯೇ ಇರುವುದಿಲ್ಲ. ಅವಳು ಹೋದ ಮೇಲೆ ಆ ಸೆಟ್ಟಿಂಗ್ ನನಗೆ ಮರೆತೇ ಹೋಗಿತ್ತು. ಮನೆಗೆ ವೈಫೈ ಬಂದು ಎಷ್ಟೋ ಕಾಲವಾಗಿತ್ತು. ನಾನು ಗಿರಾಕಿಯ ಎದುರಿಗೇ ಕಣ್ಣು ಒರೆಸಿಕೊಂಡೆ. ಅವರು ಪಾಪ, ಜೆಟ್ಟಿನ ವಿಷಯಕ್ಕೆ ನನಗಿಷ್ಟು ಬೇಜಾರಾಯಿತೆಂದು ಗಾಬರಿಯಾಗಿ, "ಇರ್ಲಿ ಬಿಡಿ, ವಾಲ್ವ್ ನೋಡ್ತೇನೆ," ಎಂದು ಹೋದರು.

ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಹೋಗಿ ಗುಣಮಟ್ಟವನ್ನು ಮೇಲಕ್ಕೇರಿಸಿ ಹಾಡು ಹಾಕಿದೆ. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ನಿಂತಳು. ತಬಲಾದ ಮೇಲೆ ಬೆರಳು ಬಿದ್ದದ್ದು ಕೇಳಿತು. ಕೋರಸ್ಸು ಶುರುವಾದಾಗ ಹೆಂಗಸರು ಬೇರೆ ಬೇರೆಯಾಗಿ ಬಂದು ಸಾಲಾಗಿ ನಿಂತರು. ಬಲಗಡೆ ಒಂದು ಎಳೆ ದನಿ, ನಡುವೆ ಒಂದು ಚೂಪು ದನಿ, ಎಡಗಡೆ ಆ ದಪ್ಪ ದನಿ. ನನ್ನ ಅಕ್ಕ. ನಾನು ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು, ಅವಳ ಕಂಕುಳಲ್ಲಿ ಬೆಳೆದವನು. ಅಷ್ಟು ಸ್ಪಷ್ಟವಾಗಿ ಅವಳು ನನ್ನ ಹಜಾರದಲ್ಲಿ ನಿಂತು ಹಾಡಿದಳು. ಅಷ್ಟು ದಿನದ ಸುಸ್ತೆಲ್ಲ ಇಳಿದು ಹೋಯಿತೆನಿಸಿತು. ಸಂಸೆಗೆ ಫೋನು ಮಾಡಿ, "ಭಾವ, ಹದಿನೈದು ದಿನ ಕಾಯ್ಬೇಡಿ, ನಾಳೆಯೇ ಬನ್ನಿ," ಎಂದೆ.

ಮರುದಿನ ಬಂದರು. ಊಟಕ್ಕೆ ಮೊದಲೇ ಕುರ್ಚಿಯಲ್ಲಿ ಕೂರಿಸಿದೆ. ಹಾಡು ಶುರುವಾಯಿತು. ಕೋರಸ್ಸು ಬರುತ್ತಿದ್ದಂತೆ ಭಾವನ ಬೆನ್ನು ನೆಟ್ಟಗಾಯಿತು. ಕಣ್ಣು ಮುಚ್ಚಲಿಲ್ಲ. ಎಡಕ್ಕೆ ನೋಡಿದರು, ನಡುವೆ ನೋಡಿದರು, ಬಲಕ್ಕೆ ನೋಡಿದರು, ಅಲ್ಲಿ ಜನ ನಿಂತಿದ್ದಾರೋ ಎನ್ನುವ ಹಾಗೆ. ಮತ್ತೊಂದು ಸಲ ಹಾಕಲು ಹೇಳಿದರು. ಮೂರನೆಯ ಸಲವೂ ಕೇಳಿದ ಮೇಲೆ ನನ್ನ ಕಡೆ ತಿರುಗಿದರು.

"ಇಲ್ಲ ಮಾರಾಯ. ಇದ್ರಲ್ಲಿ ಅವಳು ಇಲ್ಲ."

"ಎಂತ ಹೇಳ್ತೀರಿ ಭಾವ? ಎಡಗಡೆ..."

"ಅದು ಅವಳಲ್ಲ. ಮೂರೇ ಜನ ಇದ್ದಾರೆ. ಮೂರೂ ಅವಳಲ್ಲ."

ನನಗೆ ಸಿಟ್ಟು ಬಂತು. ವರ್ಷವಿಡೀ ಒದ್ದಾಡಿದ ಸಿಟ್ಟೆಲ್ಲ ಒಟ್ಟಿಗೇ ಬಂತು. ನಿಮಗೆ ನೆನಪಿಲ್ಲ ಎಂದು ನೀವೇ ಅಳುತ್ತಾ ಹೇಳಿದ್ದಿರಿ, ಈಗ ನನಗೆ ನನ್ನ ಅಕ್ಕನ ದನಿ ಹೇಳಿಕೊಡುತ್ತೀರಾ ಎಂದುಬಿಟ್ಟೆ. ಹೆಂಡತಿ ಒಳಗಿಂದ ಬಂದು ನನ್ನನ್ನು ದುರುಗುಟ್ಟಿ ನೋಡಿದಳು.

ಭಾವನಿಗೆ ಬೇಸರವೇ ಆಗಲಿಲ್ಲ. "ಈ ಹಾಡನ್ನ ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಹಾಡ್ತಿದ್ದಳು," ಎಂದರು. "ಎರಡನೇ ಸಾಲು ಉದ್ದ ಉಂಟಲ್ಲ, ಅವಳಿಗೆ ಉಸಿರು ಸಾಕಾಗ್ತಿರ್ಲಿಲ್ಲ. ನಡುವೆ ನಿಲ್ಸಿ ಒಂದು ಸಣ್ಣ ಉಸಿರು ಎಳ್ಕೊಂಡು ಮುಂದೆ ಹೋಗ್ತಿದ್ದಳು. ಒಂದು ದಿನವೂ ಒಂದೇ ಉಸಿರಲ್ಲಿ ಆಗ್ಲಿಲ್ಲ ಅವಳಿಗೆ. ಇವರು ಮೂರೂ ಜನ ಕಡಿಯದೆ ಹೋಗ್ತಾರೆ, ಕೇಳು. ಅವಳ ದನಿ ಇಷ್ಟು ದಪ್ಪವೂ ಇಲ್ಲ. ಕೊನೆಯಲ್ಲಿ ಸ್ವಲ್ಪ ಒಡೀತದೆ."

ಅವರು ಹೇಳುತ್ತಲೇ ಇದ್ದರು. ಅಷ್ಟು ಮಾತು ಅವರ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ಕ್ಯಾಸೆಟ್ ಹಾಕಿದಾಗಲೆಲ್ಲ ಅವಳು ಒಳಗೆ ಎದ್ದು ಹೋಗುತ್ತಿದ್ದಳಂತೆ, ನಾಚಿಕೆಯೆಂದು ಅವರು ತಿಳಿದಿದ್ದರಂತೆ. "ಬೆಂಗಳೂರಿಗೆ ಹೋದದ್ದು ನಿಜ. ಅಲ್ಲಿಯವರು ಇವಳ ದನಿ ಕೇಳಿ ಬೇಡ ಅಂದಿರ್ಬೇಕು. ವಾಪಸು ಬರುವಾಗ ನಿಮ್ಮ ಅಪ್ಪ ಊರಿಗೆಲ್ಲ ಹೇಳಿ ಆಗಿತ್ತಲ್ಲ. ಪಾಪ, ಹೇಗೆ ಬಾಯಿ ಬಿಡ್ತಾಳೆ? ನನ್ನ ಹತ್ರ ಆದ್ರೂ ಹೇಳ್ಬಹುದಿತ್ತು."

ಆಮೇಲೆ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟೆ. "ನಾನು ಮರ್ತಿಲ್ಲ ಮಾರಾಯ," ಎಂದರು ಟವೆಲಿನೊಳಗಿಂದಲೇ. "ಮರ್ತೆ ಅಂತ ತಿಳ್ಕೊಂಡಿದ್ದೆ. ನಿದ್ದೆ ಬರ್ತಿರ್ಲಿಲ್ಲ ನಂಗೆ. ಇಲ್ಲದ್ದನ್ನ ಹುಡುಕಿದ್ರೆ ಎಲ್ಲಿ ಸಿಗ್ತದೆ?"

ಊಟಕ್ಕೆ ಕೂತಾಗ ಎರಡು ಸಲ ಅನ್ನ ಹಾಕಿಸಿಕೊಂಡರು. ಹಲಸಿನ ಹಪ್ಪಳ ಇನ್ನೊಂದು ಇದೆಯಾ ಎಂದು ತಾವಾಗಿಯೇ ಕೇಳಿದರು. ಹೆಂಡತಿ ಅವರಿಗೆ ಬಡಿಸುತ್ತಾ ನನ್ನ ಕಡೆ ನೋಡಿ, ಅಂತೂ ನಿಮ್ಮ ಸ್ಟೀರಿಯೊದಿಂದ ಒಬ್ಬರಿಗಾದರೂ ಉಪಕಾರವಾಯಿತು ಎನ್ನುವ ಹಾಗೆ ನಕ್ಕಳು. ನಾನು ಅನ್ನ ಕಲಸುತ್ತಾ ಕೂತಿದ್ದೆ.

ನನಗೆ ಬೇರೆಯೇ ಒಂದು ಭಯ ಶುರುವಾಗಿತ್ತು. ಎಡಗಡೆಯ ಆ ದಪ್ಪ ದನಿ ಯಾರದೋ ಹೆಂಗಸಿನದು. ಅವರು ಎಲ್ಲಿಯವರೋ, ಬದುಕಿದ್ದಾರೋ ಇಲ್ಲವೋ. ಅದನ್ನು ಅಕ್ಕನದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ನಾನೇ ಆರಿಸಿಕೊಂಡಿದ್ದೆ, ಬಂದವರಿಗೆಲ್ಲ ತೋರಿಸಿದ್ದೆ. ಊಟ ಮಾಡುತ್ತಲೇ ಅಕ್ಕನ ನಿಜವಾದ ದನಿಯನ್ನು ನೆನೆಸಿಕೊಳ್ಳಲು ನೋಡಿದೆ. ಅವಳು ಬಾವಿಕಟ್ಟೆಯಲ್ಲಿ ನನ್ನ ತಲೆಗೆ ನೀರು ಹಾಕುತ್ತಾ ಬೈಯುತ್ತಿದ್ದದ್ದು, ಕೊನೆಯ ದಿನಗಳಲ್ಲಿ ಕಿಟಕಿಯ ಹತ್ತಿರ ಮಲಗಿ ಈ ಹಾಡು ಬೇಡ, ಬೇರೆ ಹಾಕು ಎಂದದ್ದು. ಎಲ್ಲ ಕಣ್ಣಿಗೆ ಕಟ್ಟಿತು. ಅವಳು ಬಾಯಿ ತೆರೆದರೆ ಮಾತ್ರ ಆ ದಪ್ಪ ದನಿ ಬಂತು. ಬೈದರೂ ಅದೇ, ನಕ್ಕರೂ ಅದೇ. ನನ್ನ ಅಕ್ಕನ ಬಾಯಿಗೆ ಗುರುತಿಲ್ಲದ ಒಬ್ಬ ಹೆಂಗಸಿನ ದನಿ ಇಟ್ಟುಕೊಂಡು ನಾನು ಇಷ್ಟು ವರ್ಷ ಬದುಕಿದ್ದೆ. ಮರೆತವರು ಭಾವನಲ್ಲ.

ಸಂಜೆ ಅವರನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ಅವರು ಸಂಸೆಗೆ ಹೋಗಬೇಕಾದ ಕಳಸದ ಕಡೆಯ ಬಸ್ಸು ಇನ್ನೂ ಬಂದಿರಲಿಲ್ಲ. ಹೂಕೋಸಿನ ಚೀಲಗಳ ಪಕ್ಕದಲ್ಲಿ ನಿಂತಿದ್ದೆವು. ಭಾವ ಹಗುರಾಗಿದ್ದರು, ಈ ಸಲ ಹೂ ಚೆನ್ನಾಗಿ ನಿಂತಿದೆ, ಮಳೆಯೊಂದು ಬಂದರೆ ಸಾಕು ಎಂದೆಲ್ಲ ಹೇಳುತ್ತಿದ್ದರು. ನಾನು ಅರ್ಧಕ್ಕೇ ತಡೆದೆ.

"ಭಾವ, ರಜದಲ್ಲಿ ನಾನು ನಿಮ್ಮಲ್ಲಿಗೆ ಬರ್ತಿದ್ದೆನಲ್ಲ. ಊಟಕ್ಕೆ ಅಕ್ಕ ನನ್ನನ್ನು ಹೇಗೆ ಕರೀತಿದ್ದಳು?"

"ಹೇಗೆ ಅಂದ್ರೆ?"

"ಹಾಗೇ ಕರೆದು ತೋರಿಸಿ."

ಅವರು ನನ್ನ ಮುಖ ನೋಡಿದರು. ಅರ್ಥವಾದವರಂತೆ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟರು. ಸುತ್ತ ಜನವಿತ್ತು. ಜೀಪಿನವರು ಕೂಗುತ್ತಿದ್ದರು. ಹೆಂಡತಿಯನ್ನು ನಾಲ್ಕು ಜನರೆದುರು ಹೆಸರು ಹಿಡಿದು ಕರೆಯಲೂ ನಾಚುತ್ತಿದ್ದ ಮನುಷ್ಯ ಅವರು. ಟವೆಲನ್ನು ಹೆಗಲ ಮೇಲೆ ಸರಿ ಮಾಡಿಕೊಂಡು, ಗಂಟಲು ಸಣ್ಣ ಮಾಡಿ ಕರೆದರು.

"ತಮ್ಮಾ... ಬಾರೋ, ಅನ್ನ ಆರ್ತದೆ."

ಕೊನೆಯಲ್ಲಿ ದನಿ ಒಂದಿಷ್ಟು ಒಡೆಯಿತು. ವಯಸ್ಸಿಗೆ ಒಡೆದದ್ದೋ, ಅವಳ ಹಾಗೆ ಒಡೆದು ತೋರಿಸಿದ್ದೋ ಗೊತ್ತಾಗಲಿಲ್ಲ. ಹೂಕೋಸಿನವಳು ತಿರುಗಿ ನೋಡಿದಳು. ಬಸ್ಸು ಬಂದು ನಿಂತಿತು, ಜನ ಬಾಗಿಲಿಗೆ ನುಗ್ಗಿದರು. ಭಾವ ಚೀಲ ಎತ್ತಿಕೊಂಡರು. ನಾನು ಅವರ ಕೈ ಬಿಡಲಿಲ್ಲ.

"ಇನ್ನೊಂದು ಸಲ ಕರೀರಿ ಭಾವ," ಎಂದೆ.